ಮರಿಬೆಕ್ಕಿಗೆ ಒಂದು ಚುಚ್ಚುಮದ್ದು ಸಾಕೇ?

ಮಕ್ಕಳು ಬೀದಿಯಿಂದ ಬೆಕ್ಕಿನ ಮರಿ ಎತ್ತಿ ತಂದರೆ ಮನೆಯಲ್ಲಿ ಮೊದಲು ಸಿದ್ಧವಾಗುವುದು ಹಾಲಿನ ಬಟ್ಟಲು. ಲಸಿಕೆಯ ನೆನಪಾಗುವುದು ಮರಿ ಮಂಕಾದ ಮೇಲೆ!

ವಾಂತಿ, ಭೇದಿ ತರುವ ಪ್ಯಾನ್‌ಲ್ಯುಕೋಪೀನಿಯಾ ಎಳೆಯ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ಇದರ ವೈರಸ್ ಚಪ್ಪಲಿಗೆ ಅಂಟಿಯೂ ಮನೆಯೊಳಗೆ ಬರುತ್ತದೆ. ಈ ರೋಗಕ್ಕೂ, ನೆಗಡಿ ತರುವ ಹರ್ಪಿಸ್, ಕ್ಯಾಲಿಸಿ ವೈರಸ್‌ಗಳಿಗೂ ಸೇರಿಸಿ ಒಂದೇ ಲಸಿಕೆಯಿದೆ. ಇದನ್ನು 6–8 ವಾರದ ವಯಸ್ಸಿನಲ್ಲಿ ಆರಂಭಿಸಿ, 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಕೊಡಿಸಬೇಕು.

ಇಷ್ಟು ಸಲ ಏಕೆ? ತಾಯಿಹಾಲಿನಿಂದ ಬಂದ ರಕ್ಷಣೆಯೇ ಲಸಿಕೆಯ ಕೆಲಸಕ್ಕೆ ಅಡ್ಡಿ. ಅದು ಒಂದೊಂದು ಮರಿಯಲ್ಲಿ ಒಂದೊಂದು ಕಾಲಕ್ಕೆ ಕರಗುತ್ತದೆ.

12 ವಾರ ತುಂಬಿದ ಮೇಲೆ ರೇಬೀಸ್ ಲಸಿಕೆ. ಅದು ಮಕ್ಕಳಿಗೂ ರಕ್ಷೆ. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪುನೀರಿನಲ್ಲಿ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳು ಇದನ್ನು ಮನೆಯಲ್ಲಿ ಮುಚ್ಚಿಡಬಾರದು.