ಮಡಿಕೇರಿಯ ಗದ್ದಿಗೆ

ಮಡಿಕೇರಿಗೆ ಹೋದವರು ರಾಜಾಸೀಟನ್ನು ನೋಡದೆ ಹಿಂದಿರುಗುವುದಿಲ್ಲ. ಅಬ್ಬಿ ಜಲಪಾತಕ್ಕೂ ಹೋಗಿಬರುತ್ತಾರೆ. ಆದರೆ ಜಲಪಾತದ ಹಾದಿಯಲ್ಲೇ ಇರುವ ಗದ್ದಿಗೆಯನ್ನು ಕಂಡು ಕೈಮುಗಿಯುವವರು ವಿರಳ. ಕೊಡಗನ್ನು ಆಳಿದ ಹಾಲೇರಿ ವಂಶದ ಲಿಂಗವಂತ ಅರಸರ ಸಮಾಧಿ ಸ್ಥಳವಿದು.

ದುಂಡನೆಯ ಗುಮ್ಮಟಗಳನ್ನೂ ಮೂಲೆಯ ಮಿನಾರುಗಳನ್ನೂ ದೂರದಿಂದ ನೋಡಿದವರಿಗೆ ಸುಲ್ತಾನರ ಗೋರಿಗಳ ನೆನಪಾಗುವುದು ಸಹಜ. ಸಮೀಪಿಸಿದಾಗ ಮೂಲೆಗಳಲ್ಲಿ ಕುಳಿತ ಬಸವನ ವಿಗ್ರಹಗಳು ಕಾಣಿಸುತ್ತವೆ. 1820ರಲ್ಲಿ ಪೂರ್ಣಗೊಂಡ ಊರಿನ ಓಂಕಾರೇಶ್ವರ ದೇವಾಲಯವೂ ಇದೇ ಮಿಶ್ರಶೈಲಿಯದು.

ಇಲ್ಲಿನ ದೊಡ್ಡ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಒಡೆಯರ ಹಾಗೂ ಅವರ ಪಟ್ಟದರಸಿ ಮಹದೇವಮ್ಮಾಜಿಯವರ ಗದ್ದಿಗೆಗಳಿವೆ. ಟಿಪ್ಪುಸುಲ್ತಾನನ ಬಂಧನದಲ್ಲಿದ್ದು, 1788ರಲ್ಲಿ ಪಿರಿಯಾಪಟ್ಟಣದಿಂದ ಪಾರಾಗಿ ಬಂದು ನಾಡನ್ನು ಮರಳಿ ಗಳಿಸಿದ ಅರಸರಿವರು. ರಾಣಿಯವರು 1807ರಲ್ಲಿಯೂ ಅರಸರು 1809ರಲ್ಲಿಯೂ ಲಿಂಗೈಕ್ಯರಾದರು. ಒಂದು ಪಕ್ಕದಲ್ಲಿರುವುದು ಅವರ ತಮ್ಮ ಲಿಂಗರಾಜೇಂದ್ರರ ಗದ್ದಿಗೆ. 1820ರಲ್ಲಿ ಮಗ ಚಿಕ್ಕವೀರರಾಜೇಂದ್ರರು ಕಟ್ಟಿಸಿದ್ದು. ಮತ್ತೊಂದು ಪಕ್ಕದಲ್ಲಿ ರಾಜಪುರೋಹಿತ ರುದ್ರಪ್ಪನವರ ಗದ್ದಿಗೆಯಿದೆ. ಟಿಪ್ಪುವಿನ ಸೇನೆಯೊಡನೆ ಕಾದಿ ಮಡಿದ ಕೊಡವ ವೀರ ಬಿದ್ದಂಡ ಬೋಪು ಹಾಗೂ ಅವರ ಮಗನ ಸಮಾಧಿಗಳೂ ಇದೇ ಆವರಣದಲ್ಲಿವೆ. ಅರಸರು ತಮ್ಮ ಗುರುವಿಗೂ ಅನ್ಯ ಜನಾಂಗದ ಸೇವಕನಿಗೂ ತಮ್ಮ ಬಳಿಯಲ್ಲೇ ಎಡೆಯಿತ್ತರೆಂಬುದು ಗಮನಾರ್ಹ.

ಗದ್ದಿಗೆಯೆಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ನಮ್ಮಲ್ಲಿ ದೇಹವನ್ನು ಸುಡುವುದಿಲ್ಲ. ವಿಭೂತಿ ಧರಿಸಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ಪೂಜೆಗೆ ಕುಳಿತ ಭಂಗಿಯಲ್ಲಿಯೇ ಮಣ್ಣಿಗೊಪ್ಪಿಸುವುದು ವಾಡಿಕೆ. ಅರಸನಿಗಾಗಲಿ ಆಳಿಗಾಗಲಿ ಈ ಸಂಸ್ಕಾರದಲ್ಲಿ ಭೇದವಿಲ್ಲ. ಭೇದವೇನಿದ್ದರೂ ಮೇಲಿನ ಕಟ್ಟಡದಲ್ಲಿ ಮಾತ್ರ.

ರುದ್ರಪ್ಪನವರ ಗದ್ದಿಗೆ ಸಿದ್ಧವಾದ 1834ರಲ್ಲಿಯೇ ಕೊಡಗು ಬ್ರಿಟಿಷರ ಪಾಲಾಯಿತು. ಪದಚ್ಯುತರಾದ ಚಿಕ್ಕವೀರರಾಜೇಂದ್ರರು ವೆಲ್ಲೂರು, ಕಾಶಿಗಳಲ್ಲಿ ಕಾಲ ಕಳೆದು, 1852ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಅದೇ ವರ್ಷ ಮಗಳು ಗೌರಮ್ಮ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತ ದೀಕ್ಷೆ ಪಡೆದಳು. ಕಂಪನಿಯಿಂದ ತಮ್ಮ ಹಣವನ್ನು ಮರಳಿ ಪಡೆಯಲು ವ್ಯಾಜ್ಯ ಹೂಡಿದ್ದ ಅರಸರು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 1864ರಲ್ಲಿ ನಿಧನಳಾದ ಗೌರಮ್ಮನ ಸಮಾಧಿ ಅಲ್ಲಿಯ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ತಂದೆಗೆ ಗದ್ದಿಗೆ ಕಟ್ಟಿಸಿದ ಮಗನಿಗೆ ತಂದೆಯ ಬಳಿ ಕೊನೆಯುಸಿರೆಳೆಯುವ ಭಾಗ್ಯವೂ ಇರಲಿಲ್ಲ.

ಚಿಕ್ಕವೀರರಾಜೇಂದ್ರರ ಆಳ್ವಿಕೆಯ ಕ್ರೌರ್ಯವನ್ನು ಇತಿಹಾಸ ಮುಚ್ಚಿಟ್ಟಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಗಳಿಸಿದವರನ್ನೂ ಕಳೆದುಕೊಂಡವರನ್ನೂ ಒಟ್ಟಿಗೆ ಅರಿತಾಗಲೇ ಇತಿಹಾಸ ಪಾಠವಾಗುತ್ತದೆ. ಮುಂದಿನ ಬಾರಿ ಮಡಿಕೇರಿಗೆ ಹೋದಾಗ ಮಕ್ಕಳನ್ನು ಗದ್ದಿಗೆಗೆ ಕರೆದೊಯ್ಯಿರಿ. ಗುಮ್ಮಟದ ನೆರಳಿನಲ್ಲಿ ಅರ್ಧ ಗಂಟೆ ಕುಳಿತು, ಆ ಮನೆತನದ ಏಳುಬೀಳಿನ ಕಥೆಯನ್ನು ಅವರಿಗೆ ಹೇಳಿರಿ.