ವಿದ್ಯಾರ್ಥಿಯ ಮನಸ್ಸು ಮತ್ತು ಮರದ ನೆರಳು

ನಮ್ಮ ಶಾಲೆಯಲ್ಲಿ ಓದಿ, ಬೆಂಗಳೂರಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದ ತರುಣನೊಬ್ಬನು ಯುಗಾದಿಯ ಬಿಡುವಿಗೆ ಬೈರಕೂರಿಗೆ ಬಂದಿದ್ದನು. ‘ಮೇಷ್ಟ್ರೇ, ಪುಸ್ತಕ ಹಿಡಿದರೆ ಅಕ್ಷರ ಕಾಣುತ್ತದೆ, ಅರ್ಥ ಹತ್ತುವುದಿಲ್ಲ, ರಾತ್ರಿಯೆಲ್ಲ ಅದೇ ಯೋಚನೆ ಸುತ್ತುತ್ತದೆ’ ಎಂದನು. ಉಪದೇಶವು ನಮ್ಮ ವೃತ್ತಿಯ ದೌರ್ಬಲ್ಯ. ಅಂದು ಹೇಗೋ ಅದನ್ನು ತಡೆದುಕೊಂಡು ಅವನನ್ನು ಕೆರೆಯ ಏರಿಗೆ ಕರೆದೊಯ್ದೆನು. ಹೊಂಗೆ ಚಿಗುರಿ ಹೂವುದುರಿಸುವ ಕಾಲ. ಮುಕ್ಕಾಲು ಗಂಟೆ ಇಬ್ಬರೂ ಹೆಚ್ಚು ಮಾತಿಲ್ಲದೆ ಕುಳಿತೆವು. ಮರುದಿನ ಅವನು ತಾನಾಗಿಯೇ ಅಲ್ಲಿಗೆ ಹೋಗಿದ್ದನೆಂದು ತಿಳಿಯಿತು. ಇದನ್ನು ಪವಾಡವೆಂದು ಹೇಳುತ್ತಿಲ್ಲ, ಇದಕ್ಕೆ ಶಾಸ್ತ್ರವುಂಟು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಗಳು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವಧಾನವು ಎರಡು ಬಗೆಯೆಂದು ವಿವರಿಸಿದ್ದಾರೆ. ಪಾಠ, ಪರೀಕ್ಷೆ, ಲೆಕ್ಕಾಚಾರಗಳಿಗೆ ಬೇಕಾದುದು ಪ್ರಯತ್ನಪೂರ್ವಕವಾದ ಅವಧಾನ, ಅದು ಬಳಲುತ್ತದೆ. (ಅಷ್ಟಾವಧಾನಿಗಳೂ ಸಭೆ ಮುಗಿದ ಮೇಲೆ ಮೌನವನ್ನೇ ಬಯಸುವುದನ್ನು ನಾನು ಕಂಡಿದ್ದೇನೆ.) ಎಲೆಯ ಅಲುಗಾಟ, ನೀರಿನ ತೆರೆ, ಹಕ್ಕಿಯ ದನಿಗಳು ಮನಸ್ಸನ್ನು ಬಲಾತ್ಕಾರವಿಲ್ಲದೆ ಸೆಳೆಯುತ್ತವೆ. ಆಗ ದಣಿದ ಅವಧಾನಕ್ಕೆ ವಿಶ್ರಾಂತಿ ದೊರೆತು ಮತ್ತೆ ಕಸುವು ಬರುತ್ತದೆ. ನಿದ್ರೆಯಂತೆ ಇದೂ ಒಂದು ಅವಶ್ಯಕತೆಯೇ ಹೊರತು ವಿಲಾಸವಲ್ಲ.

ಸುತ್ತುವ ಯೋಚನೆಯ ವಿಷಯವೂ ಪರೀಕ್ಷಿತವಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರನ್ನು ಮರಗಳಿರುವ ಹುಲ್ಲುಗಾವಲಿನಲ್ಲಿಯೂ ಕೆಲವರನ್ನು ವಾಹನಸಂದಣಿಯ ರಸ್ತೆಯಲ್ಲಿಯೂ 90 ನಿಮಿಷ ನಡೆಸಿದರು. ತನ್ನನ್ನೇ ಹಳಿದುಕೊಳ್ಳುವ ಚಿಂತೆ ಮೊದಲಿನವರಲ್ಲಿ ಇಳಿದಿತ್ತು, ರಸ್ತೆಯವರಲ್ಲಿ ಇಳಿದಿರಲಿಲ್ಲ. ಅಷ್ಟು ಹೊತ್ತು ಎಲ್ಲಿಂದ ತರೋಣವೆಂದು ಕೇಳುವವರಿಗೆ ಇನ್ನೊಂದು ಉತ್ತರವಿದೆ. ಕಾಲೇಜು ವಯಸ್ಸಿನವರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಕಾರ್ನೆಲ್ ವಿದ್ವಾಂಸರು 2020ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಹಸಿರಿನ ನಡುವೆ 10ರಿಂದ 50 ನಿಮಿಷ ಕುಳಿತರೂ ಸರಿ, ನಡೆದರೂ ಸರಿ, ಪ್ರಯೋಜನ ಕಂಡಿತು.

ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ ಎದ್ದ ವಿದ್ಯಾಕ್ಷೇತ್ರಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರು ಅವರೇ. ಮನಸ್ಸಿನ ಗಂಗೆ ಹುಟ್ಟುವ ತಾಣವೆಂಬ ಆ ಹೆಸರನ್ನು ಬರಿಯ ಅಲಂಕಾರವೆಂದು ನಾನು ಬಹುಕಾಲ ಭಾವಿಸಿದ್ದೆನು. ಆ ಕೆರೆಯ ಏರಿಯ ಮೇಲೆ ಪುಸ್ತಕ ಮುಚ್ಚಿಟ್ಟು ನಡೆದಾಡುವ ಹುಡುಗ ಹುಡುಗಿಯರನ್ನು ಕಂಡ ಮೇಲೆ ಅಭಿಪ್ರಾಯ ಬದಲಾಯಿತು.

ನಮ್ಮದು ನದಿಯಿಲ್ಲದ, ಬರಗಾಲವನ್ನು ಬಲ್ಲ ಸೀಮೆ. ಆದರೂ ಬಂಡೆಗುಡ್ಡ, ಹುಣಿಸೆತೋಪು, ಮಾವಿನ ತೋಟಗಳಿಗೆ ಬಡತನವಿಲ್ಲ. 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಕೋಲಾರದಲ್ಲಿಯೇ ಉನ್ನತ ವ್ಯಾಸಂಗ ಮಾಡುವವರಿಗಂತೂ ಅಂತರಗಂಗೆಯ ಬೆಟ್ಟ ಕಣ್ಣೆದುರಿಗೇ ಇದೆ. ಆದರೆ ಬೆಟ್ಟ ಹತ್ತಿ ದೂರವಾಣಿಯ ಪರದೆಯನ್ನೇ ನೋಡುತ್ತ ಕುಳಿತರೆ ಹತ್ತಿದ ಶ್ರಮವಷ್ಟೇ ಲಾಭ.

ಒಂದು ಎಚ್ಚರಿಕೆ ಅವಶ್ಯ. ವಾರಗಟ್ಟಲೆ ಊಟ ನಿದ್ರೆ ಬಿಟ್ಟವನಿಗೆ, ಬದುಕೇ ಬೇಡವೆನ್ನುವವನಿಗೆ ಮರದ ನೆರಳು ಸಾಲದು, ವೈದ್ಯರು ಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಉಪಾಧ್ಯಾಯ ಬಂಧುಗಳು ಇದನ್ನು ಹಳೆಯ ವಿದ್ಯಾರ್ಥಿಗಳಿಗೂ ತಿಳಿಸಬೇಕಾಗಿ ಪ್ರಾರ್ಥನೆ.

ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ವಿದ್ಯಾಸಂಸ್ಥೆಗಳಿಗೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವುದು ನಮ್ಮಲ್ಲಿ ವಾಡಿಕೆ. ವಿದ್ಯಾರ್ಥಿನಿಲಯದ ಅಂಗಳದಲ್ಲಿ ನಾಲ್ಕು ಹೊಂಗೆ ಸಸಿ, ಅವುಗಳ ಸುತ್ತ ಕುಳಿತುಕೊಳ್ಳಲು ಕಲ್ಲುಕಟ್ಟೆ, ಮೂರು ಬೇಸಿಗೆ ನೀರು ಹೊಯ್ಯುವ ಆಳಿನ ಸಂಬಳ, ಇಷ್ಟನ್ನು ವಹಿಸಿಕೊಳ್ಳುವವರಿದ್ದರೆ ಗುಂಡಿಗಳನ್ನು ಈ ಮುಂಗಾರಿಗೇ ತೆಗೆಸಬಹುದು.