ಪರದೇಶದ ಬಂಡವಾಳವೂ ಊರಿನ ಭೂಮಿಯೂ

ಮೇಲಣ ಸೀಮೆಯಲ್ಲಿ ಸುರಿದ ಮಳೆಯ ನೀರು ಕಾಲುವೆಯಲ್ಲಿ ಹರಿದು ಬಂದು ಕೆರೆಯನ್ನು ತುಂಬುವುದು. ಏರಿ ಭದ್ರವಾಗಿದ್ದು ತೂಬು ಸರಿಯಾಗಿದ್ದರೆ ಆ ನೀರು ಪೈರಿಗೆ ಒದಗುವುದು. ಇಲ್ಲವಾದರೆ ಕೋಡಿಯಲ್ಲಿ ಹರಿದುಹೋಗುವುದು. ಪರದೇಶದಿಂದ ಬರುವ ಬಂಡವಾಳದ ರೀತಿಯೂ ಇಂಥದೇ. ಬೆಂಗಳೂರಿನ ಉತ್ತರ ಭಾಗದ ಚರಿತ್ರೆಯಿಂದ ಇದನ್ನು ಚೆನ್ನಾಗಿ ತಿಳಿಯಬಹುದು.

ಹಣಕ್ಕಿಂತ ಮೊದಲು ಇಲ್ಲಿಗೆ ಬಂದುದು ವಿದ್ಯೆ. ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ಅವರು ಬಳಕೆಗೆ ತಂದುದರಿಂದ ಮಲೆನಾಡಿನ ತೋಟಗಾರರಿಗೆ ಮಹದುಪಕಾರವಾಯಿತು. ಅವರ ಕಾಲದಲ್ಲಿ ಹೆಬ್ಬಾಳದಲ್ಲಿ ಬೆಳೆದ ವ್ಯವಸಾಯ ಶಿಕ್ಷಣವೇ ಮುಂದೆ ವಿಶ್ವವಿದ್ಯಾನಿಲಯಕ್ಕೆ ಬುನಾದಿಯಾಯಿತು.

ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ ಸ್ಥಾಪಿತವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರದ ತಯಾರಿಕೆಯೂ ಆರಂಭವಾಯಿತು. ಸಾವಿರಾರು ಮಂದಿ ಯಂತ್ರಕೌಶಲವನ್ನು ಕಲಿತರು. ಆದರೆ ಕಲಿತ ವಿದ್ಯೆಯನ್ನು ಕಾಲಕ್ಕೆ ತಕ್ಕಂತೆ ಹೊಸದಾಗಿಸದಿದ್ದರೆ ನಷ್ಟ ತಪ್ಪದು. ಆ ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ನಿಶ್ಚಯಿಸಿತು.

1991ರಲ್ಲಿ ಭಾರತದ ವಿದೇಶಿ ನಾಣ್ಯದ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ಚಿನ್ನವನ್ನು ಒತ್ತೆಯಿಡಬೇಕಾಯಿತು. ಆಗ ಸರ್ಕಾರವು ಬಹುತೇಕ ಉದ್ಯಮಗಳಿಗೆ ಲೈಸೆನ್ಸಿನ ಕಟ್ಟಳೆಯನ್ನು ತೆಗೆದು, ಪರದೇಶದ ಪಾಲುಬಂಡವಾಳಕ್ಕೆ ದಾರಿ ತೆರೆಯಿತು. ಸಾಲವಾದರೆ ಲಾಭವಿರಲಿ ನಷ್ಟವಿರಲಿ ಬಡ್ಡಿ ತೆರಲೇಬೇಕು; ಪಾಲುಗಾರನಾದರೋ ನಷ್ಟದಲ್ಲಿಯೂ ಪಾಲುಗಾರನು. ಬಡ ದೇಶಗಳಿಗೆ ಈ ಬಗೆಯ ಹಣವು ಅನುಕೂಲವಾಗುವುದಕ್ಕೆ ಇದೊಂದು ಕಾರಣ.

ದೇವನಹಳ್ಳಿಯ ವಿಮಾನ ನಿಲ್ದಾಣವು ಇದಕ್ಕೆ ಕಣ್ಣೆದುರಿನ ನಿದರ್ಶನ. ಸುಮಾರು 4,000 ಎಕರೆ ಭೂಮಿಯಲ್ಲಿ ಕಟ್ಟಲ್ಪಟ್ಟು 2008ರ ಮೇ ತಿಂಗಳಿನಲ್ಲಿ ತೆರೆದ ಈ ನಿಲ್ದಾಣದಲ್ಲಿ ಆರಂಭಕ್ಕೆ ಜರ್ಮನಿಯ ಸೀಮೆನ್ಸ್ ಸಂಸ್ಥೆಗೆ ಶೇಕಡಾ 40, ಜ್ಯೂರಿಕ್ ನಿಲ್ದಾಣದ ಸಂಸ್ಥೆಗೆ 17, ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ 17, ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳಿಗೆ ಒಟ್ಟು 26 ಪಾಲಿದ್ದಿತು. ಯಲಹಂಕದಿಂದಾಚೆಗೆ ರಸ್ತೆ, ಕೆಲಸ, ವ್ಯಾಪಾರಗಳು ಹೆಚ್ಚಿದುವು. ಭೂಮಿಯ ಬೆಲೆಯೂ ಏರಿತು. ಆದರೆ ಚಕ್ಕೋತ, ದ್ರಾಕ್ಷಿಗಳ ತೋಟ ಬಿಟ್ಟುಕೊಟ್ಟವನಿಗೆ ದೊರೆತ ಪರಿಹಾರವು ಒಮ್ಮೆಯ ಹಣ. ಭೂಮಿಯೋ ಪ್ರತಿವರ್ಷದ ಹುಟ್ಟುವಳಿ. ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಗಳಿಗೂ ಮೀರಿ ಪ್ರತಿಭಟಿಸಿದ ಮೇಲೆ, ಅಲ್ಲಿನ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರವು 2025ರ ಜುಲೈಯಲ್ಲಿ ಪ್ರಕಟಿಸಿದುದು ಈ ಭೇದವನ್ನು ಸ್ಪಷ್ಟಪಡಿಸುವುದು.

ಆದುದರಿಂದ ಗ್ರಾಮದ ಮುಖಂಡರು ಗಮನಿಸಬೇಕಾದುವು ಇವು: ಸ್ವಾಧೀನದ ನೋಟೀಸು ಬಂದೊಡನೆ ಅದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಂತೆಯೋ, 2013ರ ಭೂಸ್ವಾಧೀನ ಕಾಯಿದೆಯಂತೆಯೋ ಎಂಬುದನ್ನು ನೋಡತಕ್ಕದ್ದು. ಆಕ್ಷೇಪಣೆಯನ್ನು ಅವಧಿಯೊಳಗೆ ಬರವಣಿಗೆಯಲ್ಲಿ ಕೊಡತಕ್ಕದ್ದು. ಪಹಣಿ, ಪೋಡಿ, ಖಾತೆಗಳನ್ನು ಮೊದಲೇ ಸರಿಪಡಿಸಿಕೊಳ್ಳತಕ್ಕದ್ದು. ಪರಿಹಾರದ ಹಣವನ್ನು ಮದುವೆ, ಮೋಟಾರುಗಳಿಗೆ ವ್ಯಯಮಾಡದೆ ಬೇರೆ ಜಮೀನಿಗೂ ಮಕ್ಕಳ ವಿದ್ಯೆಗೂ ವಿನಿಯೋಗಿಸತಕ್ಕದ್ದು.

ನೀರು ಎಲ್ಲಿಂದಲೇ ಬರಲಿ, ಏರಿಯನ್ನು ಕಾಯುವ ಹೊಣೆ ಮಾತ್ರ ಊರಿನವರದೇ.